ಸುಮ್ಮನೆ ಬಿಟ್ಟ ಕಾಡು ಕೈತಪ್ಪದಿರಲು ಏನು ಮಾಡಬೇಕು: ಹಾಸನ, ಚಿಕ್ಕಮಗಳೂರಿನವರಿಗೆ ಸಮಗ್ರ ಮಾರ್ಗದರ್ಶಿ

ಸಕಲೇಶಪುರ, ಆಲೂರು, ಮೂಡಿಗೆರೆ, ಕೊಪ್ಪದ ಕಡೆ ತೋಟ ಇರುವ ಎಷ್ಟೋ ಮನೆಗಳಿಗೆ ಒಂದು ತುಂಡು ಕಾಡೂ ಇರುತ್ತದೆ. ಹಳ್ಳದ ದಂಡೆಯ ಎರಡು ಎಕರೆ, ಗುಡ್ಡದ ನೆತ್ತಿಯ ಮೂರು ಎಕರೆ. "ನೀರಿಗೆ ಬೇಕು, ಅದನ್ನ ಮುಟ್ಟಬೇಡಿ" ಅಂತ ಅಜ್ಜ ಹೇಳಿ ಬಿಟ್ಟ ಜಾಗ. ಮಕ್ಕಳು ಬೆಂಗಳೂರು ಸೇರಿದ ಮೇಲೆ ಅಲ್ಲಿಗೆ ಯಾರೂ ಕಾಲಿಡುವುದಿಲ್ಲ. ಹತ್ತು ವರ್ಷ ಬಿಟ್ಟು ಹೋಗಿ ನೋಡಿದರೆ ಅರ್ಧ ಭಾಗದಲ್ಲಿ ಪಕ್ಕದವರ ಏಲಕ್ಕಿ ಬೆಳೆದು ನಿಂತಿರುತ್ತದೆ.

ಕೋರ್ಟಿನ ಕಣ್ಣಿಗೆ ಬೀಳುವುದು ಗುಂಡಿ ತೆಗೆದವನು, ಗಿಡ ನೆಟ್ಟವನು, ಬೇಲಿ ಎಳೆದವನು. ಕಾಡನ್ನು ಕಾಡಾಗಿಯೇ ಬಿಟ್ಟ ಮಾಲೀಕ ಅಲ್ಲಿ ಏನೂ ಮಾಡಿಲ್ಲವಲ್ಲ, ಅವನ ಕುರುಹೇ ಇರುವುದಿಲ್ಲ. ಹಾಗಾಗಿ "ಇದು ನಮ್ಮದು, ಬೇಕಂತಲೇ ಹೀಗೆ ಬಿಟ್ಟಿದ್ದೇವೆ" ಎನ್ನುವುದನ್ನು ವರ್ಷ ವರ್ಷ ಕಾಗದದ ಮೇಲೆ ಕಾಣಿಸುತ್ತಾ ಹೋಗಬೇಕು. ಮೊದಲು ನಿಮ್ಮ ಹಿಡುವಳಿಯೊಳಗಿನ ಕಾಡಿನ ವಿಷಯ ನೋಡೋಣ, ಆಮೇಲೆ ಊರ ಪಕ್ಕದ ಸರ್ಕಾರಿ ಕಾಡಿನದು.

ಕಾನೂನು ಎಷ್ಟು ಹೇಳುತ್ತದೆ

ಇನ್ನೊಬ್ಬರ ಜಮೀನನ್ನು ವರ್ಷಗಟ್ಟಲೆ ತನ್ನದೆಂದು ಅನುಭವಿಸಿ ಹಕ್ಕು ಕೇಳುವ ಪ್ರತಿಕೂಲ ಸ್ವಾಧೀನ, ಅಂದರೆ ವಕೀಲರು ಅಡ್ವರ್ಸ್ ಪೊಸೆಷನ್ ಅನ್ನುವುದು, 1963ರ ಕಾಲಮಿತಿ ಕಾಯ್ದೆಯಿಂದ ಬಂದದ್ದು. ಖಾಸಗಿ ಜಮೀನಿಗೆ 65ನೇ ಅನುಚ್ಛೇದ ಅನ್ವಯ, ಅವಧಿ 12 ವರ್ಷ. ಇನ್ನೊಬ್ಬರ ಸ್ವಾಧೀನ ನಿಮ್ಮ ಹಕ್ಕಿಗೆ ವಿರುದ್ಧವಾಗಿ ಶುರುವಾದ ದಿನದಿಂದ ಅಷ್ಟರೊಳಗೆ ನೀವು ದಾವೆ ಹೂಡದಿದ್ದರೆ, 27ನೇ ಸೆಕ್ಷನ್ ಪ್ರಕಾರ ಜಮೀನಿನ ಮೇಲಿನ ನಿಮ್ಮ ಹಕ್ಕೇ ಹೋಗುತ್ತದೆ. ಸರ್ಕಾರಿ ಜಮೀನಿಗೆ 112ನೇ ಅನುಚ್ಛೇದ, ಅವಧಿ 30 ವರ್ಷ.

ಹಾಗಂತ 12 ವರ್ಷ ಕೂತವರಿಗೆಲ್ಲ ಜಮೀನು ಸಿಗುತ್ತದೆ ಅಂತಲ್ಲ. ಕರ್ನಾಟಕ ವಕ್ಫ್ ಮಂಡಳಿಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2004ರಲ್ಲಿ ಇದನ್ನು ಬಿಡಿಸಿ ಹೇಳಿದೆ. ಸ್ವಾಧೀನ ಯಾವ ದಿನ ಶುರುವಾಯಿತು, ಯಾವ ರೀತಿಯದು, ಮಾಲೀಕರಿಗೆ ಗೊತ್ತಿತ್ತೇ, ಬಹಿರಂಗವಾಗಿ ಅಡೆತಡೆಯಿಲ್ಲದೆ ನಡೆಯಿತೇ? ಇಷ್ಟನ್ನೂ ಹಕ್ಕು ಕೇಳುವವನೇ ಸಾಬೀತು ಮಾಡಬೇಕು. ಒಪ್ಪಿಗೆ ಪಡೆದು ಕೂತಿದ್ದರೆ, ಕದ್ದುಮುಚ್ಚಿ ಮಾಡಿದ್ದರೆ ಅದು ಲೆಕ್ಕಕ್ಕಿಲ್ಲ.

ಇನ್ನೊಂದು ಬದಲಾವಣೆ ತುಂಬಾ ಜನರಿಗೆ ಗೊತ್ತಿಲ್ಲ. ಮೊದಲೆಲ್ಲ ಈ ವಾದವನ್ನು ಪ್ರತಿವಾದಿ ಮಾತ್ರ ಎತ್ತಬಹುದು ಅಂತ ಹೇಳುತ್ತಿದ್ದರು. ರವೀಂದರ್ ಕೌರ್ ಗ್ರೇವಾಲ್ ಪ್ರಕರಣದ 2019ರ ತೀರ್ಪಿನ ನಂತರ ಸ್ವಾಧೀನದಲ್ಲಿರುವವನೇ ಮೊದಲು ಕೋರ್ಟಿಗೆ ಹೋಗಿ ಹಕ್ಕು ಘೋಷಿಸಿ ಅಂತ ಕೇಳಬಹುದು. "ಅವನೇನು ಮಾಡ್ತಾನೆ ನೋಡೋಣ" ಅಂತ ಕೂರುವ ಕಾಲ ಹೋಯಿತು.

ಹೆಜ್ಜೆ 1: ಆ ತುಂಡು ನಿಜಕ್ಕೂ ನಿಮ್ಮದೇ?

ನಗಬೇಡಿ. ಮಲೆನಾಡಿನಲ್ಲಿ ಬಾಯಿಮಾತಿನ ಗಡಿಗೂ ಕಾಗದದ ಗಡಿಗೂ ಎಷ್ಟೋ ಕಡೆ ತಾಳೆಯೇ ಇರುವುದಿಲ್ಲ. ಈಗಿನ ಪಹಣಿ ಒಂದೇ ಸಾಲದು. ಭೂಮಿ ತಂತ್ರಾಂಶ ಬರುವ ಮುಂಚಿನ ಕೈಬರಹದ ಪಹಣಿ, ಸರ್ವೆ ನಂಬರಿನ ವಿಸ್ತೀರ್ಣ ಹೇಳುವ ಆಕಾರ್‌ಬಂದ್, ಅಳತೆಯ ಟಿಪ್ಪಣಿ, ಗ್ರಾಮ ನಕ್ಷೆ, ಎಂ.ಆರ್. (ಮ್ಯುಟೇಶನ್ ರಿಜಿಸ್ಟರ್) ಪ್ರತಿ, ಇಷ್ಟೂ ತೆಗೆಸಿ. ಮಂಜೂರಾದ ಜಮೀನಾದರೆ ಸಾಗುವಳಿ ಚೀಟಿಯೂ ಬೇಕು.

ಪಹಣಿಯಲ್ಲಿ ಒಟ್ಟು ವಿಸ್ತೀರ್ಣದ ಪಕ್ಕ ಖರಾಬಿನ ಲೆಕ್ಕ ಇರುತ್ತದೆ. ಅದನ್ನು ನಿಧಾನವಾಗಿ ನೋಡಿ. 'ಎ' ಖರಾಬು ಸಾಗುವಳಿಗೆ ಬಾರದ ಜಾಗ, ಆದರೆ ಹಿಡುವಳಿಯ ಜೊತೆಗೇ ಬರುತ್ತದೆ. 'ಬಿ' ಖರಾಬು ಹಳ್ಳ, ದಾರಿಯಂಥ ಸಾರ್ವಜನಿಕ ಬಳಕೆಯ ಜಾಗ, ಅದು ಸರ್ಕಾರದ್ದು. ಅಜ್ಜ ಬಿಟ್ಟ ಹಳ್ಳದ ದಂಡೆಯ ಕಾಡಿನಲ್ಲಿ ಒಂದು ಪಾಲು 'ಬಿ' ಖರಾಬು ಆಗಿರುವುದು ಅಪರೂಪವೇನಲ್ಲ. ಅದು ಗೊತ್ತಿಲ್ಲದೆ ಪಕ್ಕದವರ ಮೇಲೆ ಕೇಸು ಹಾಕಿದರೆ, ನಿಮ್ಮ ವಾದ ಮೊದಲ ಪಾಟೀಸವಾಲಿನಲ್ಲೇ ಕುಸಿಯುತ್ತದೆ.

ಜೊತೆಗೆ ಅರಣ್ಯ ಇಲಾಖೆಯ ವಲಯ ಕಚೇರಿಯಲ್ಲಿ ಒಂದು ವಿಷಯ ಕೇಳಿಕೊಳ್ಳಿ. ನಿಮ್ಮ ಸರ್ವೆ ನಂಬರು ಅರಣ್ಯ ಕಾಯ್ದೆಯ ಸೆಕ್ಷನ್ 4 ಅಧಿಸೂಚನೆಯಲ್ಲಿ (ಮೀಸಲು ಅರಣ್ಯ ಮಾಡುವ ಮೊದಲ ಪ್ರಕಟಣೆ) ಇದೆಯೇ, ಪರಿಭಾವಿತ ಅರಣ್ಯದ (ಡೀಮ್ಡ್ ಫಾರೆಸ್ಟ್) ಪಟ್ಟಿಯಲ್ಲಿ ಇದೆಯೇ? ಬಾಯಿಮಾತಿನ ಉತ್ತರ ಬೇಡ. ಮಾಹಿತಿ ಹಕ್ಕಿನಡಿ 10 ರೂಪಾಯಿಯ ಅರ್ಜಿ ಹಾಕಿ, ಬರಹದಲ್ಲೇ ತರಿಸಿಕೊಳ್ಳಿ. 30 ದಿನದೊಳಗೆ ಉತ್ತರ ಕೊಡಬೇಕು.

ಹೆಜ್ಜೆ 2: ಹದ್ದುಬಸ್ತು

ನಾಡಕಚೇರಿಯಲ್ಲಿ ಹದ್ದುಬಸ್ತಿಗೆ ಅರ್ಜಿ ಕೊಟ್ಟರೆ ಸರ್ವೆಯರ್ ಬಂದು ಅಳೆದು ಗಡಿ ತೋರಿಸುತ್ತಾರೆ. ಅಕ್ಕಪಕ್ಕದ ಹಿಡುವಳಿದಾರರಿಗೂ ನೋಟಿಸ್ ಹೋಗುತ್ತದೆ. ಜನ ಇದನ್ನು ಖರ್ಚು ಅಂದುಕೊಳ್ಳುತ್ತಾರೆ. ನನ್ನ ಪ್ರಕಾರ ಈ ಇಡೀ ಕೆಲಸದಲ್ಲಿ ಇದಕ್ಕಿಂತ ಬೆಲೆಬಾಳುವ ಕಾಗದ ಇಲ್ಲ. ಯಾಕೆಂದರೆ ಅಳತೆಯ ದಿನ ಬರೆಯುವ ಮಹಜರಿಗೆ ಪಕ್ಕದವರು ಸಹಿ ಹಾಕಿದರೆ, ಗಡಿಯ ಈಚೆಗಿನದು ನಿಮ್ಮದು ಅಂತ ಅವರೇ ಒಪ್ಪಿದಂತೆ. ನಾಳೆ ಅದೇ ಜಾಗಕ್ಕೆ "ಇಪ್ಪತ್ತು ವರ್ಷದಿಂದ ನನ್ನದೆಂದು ಅನುಭವಿಸಿದ್ದೇನೆ" ಅನ್ನುವುದು ಕಷ್ಟ. ಸಹಿ ಹಾಕಲು ಒಪ್ಪದಿದ್ದರೆ "ಹಾಜರಿದ್ದರು, ಸಹಿ ನಿರಾಕರಿಸಿದರು" ಅಂತ ಬರೆಸಿ.

ಬಾಂದು ಕಲ್ಲು ಹೂತುಹೋಗಿದ್ದರೆ ಹೊಸದಾಗಿ ನೆಡಿಸಿ. ಒಂದೊಂದರ ಫೋಟೋ ತೆಗೆದು, ಹತ್ತಿರದ ದೊಡ್ಡ ಮರದ ಹೆಸರನ್ನೂ ಬರೆದಿಡಿ. ಕಲ್ಲು ಕಿತ್ತು ಜರುಗಿಸುವುದು ಸುಲಭ, ನಂದಿ ಮರವನ್ನೋ ಹೆಬ್ಬಲಸನ್ನೋ ಜರುಗಿಸಲು ಆಗುವುದಿಲ್ಲ ಅಲ್ವಾ? ಮೊಬೈಲಿನ ದಿಶಾಂಕ್ ಆ್ಯಪ್ ನೀವು ಯಾವ ಸರ್ವೆ ನಂಬರಿನಲ್ಲಿ ನಿಂತಿದ್ದೀರಿ ಅಂತ ಅಂದಾಜು ತಿಳಿಯಲು ಚೆನ್ನಾಗಿದೆ. ದಟ್ಟ ಕಾಡಿನಲ್ಲಿ, ಇಳಿಜಾರಿನಲ್ಲಿ ಅದು ತೋರಿಸುವ ಗೆರೆಯನ್ನು ನಂಬಿ ಜಗಳಕ್ಕೆ ಹೋಗಬೇಡಿ.

ಹೆಜ್ಜೆ 3: ನಡೆದು ನೋಡುವುದು

ಬಯಲುಸೀಮೆಯಲ್ಲಿ ಒತ್ತುವರಿ ದೂರದಿಂದಲೇ ಕಾಣುತ್ತದೆ. ಮಲೆನಾಡಿನಲ್ಲಿ ಹಾಗಲ್ಲ. ಏಲಕ್ಕಿ, ಕಾಫಿ, ಮೆಣಸು ಮೂರೂ ನೆರಳಿನಡಿ ಬೆಳೆಯುತ್ತವೆ. ಮೇಲಿನ ಮರಗಳನ್ನು ಮುಟ್ಟದೆ ಕೆಳಗಿನ ಪೊದೆ ಸವರಿ ಗಿಡ ಹಾಕಿದರೆ ಉಪಗ್ರಹ ಚಿತ್ರದಲ್ಲಿ ಅದು ಈಗಲೂ ಕಾಡೇ. ಗೂಗಲ್ ಅರ್ಥ್ ತೆರೆದು "ಹಸಿರಾಗೇ ಇದೆ" ಅಂತ ಬೆಂಗಳೂರಿನಲ್ಲಿ ಸಮಾಧಾನ ಪಟ್ಟುಕೊಂಡರೆ ಏನೂ ಪ್ರಯೋಜನವಿಲ್ಲ.

ವರ್ಷಕ್ಕೆ ಎರಡು ಸಲವಾದರೂ ಕಾಲ್ನಡಿಗೆಯಲ್ಲಿ ಸುತ್ತು ಹಾಕಿ. ಮೊದಲನೆಯದು ಏಪ್ರಿಲ್, ಮೇ ತಿಂಗಳಲ್ಲಿ. ಮಳೆಗಾಲಕ್ಕೆ ಸಸಿ ನೆಡುವವರು ಗುಂಡಿ ತೆಗೆಯುವುದು ಆಗಲೇ. ಬರೀ ಗುಂಡಿ ಕಂಡಾಗ ತಡೆಯುವುದು ಒಂದು ಮಾತಿನ ಕೆಲಸ. ಸಸಿ ಬೇರು ಬಿಟ್ಟು ಮೂರ್ನಾಲ್ಕು ವರ್ಷಕ್ಕೆ ಫಸಲು ಬಂದಮೇಲೆ ಅದು ಕೋರ್ಟಿನ ಕೆಲಸ. ಎರಡನೆಯ ಸುತ್ತು ಡಿಸೆಂಬರ್, ಜನವರಿಯಲ್ಲಿ, ಕಾಫಿ ಕೊಯ್ಲಿನ ಹೊತ್ತಿಗೆ. ಯಾರ ಆಳುಗಳು ಎಲ್ಲಿಯವರೆಗೆ ಕೊಯ್ಯುತ್ತಿದ್ದಾರೆ ಅನ್ನುವುದು ಆಗ ಕಣ್ಣಾರೆ ಗೊತ್ತಾಗುತ್ತದೆ.

ನೋಡಬೇಕಾದದ್ದು ಚಿಕ್ಕ ಚಿಕ್ಕ ಗುರುತುಗಳನ್ನು. ಗಡಿಯ ಪಕ್ಕದ ಮರಗಳ ಬುಡದಲ್ಲಿ ಹೊಸ ಮೆಣಸಿನ ಬಳ್ಳಿ ಹಬ್ಬಿದೆಯೇ? ನಾಲ್ಕಡಿ ಅಗಲಕ್ಕೆ ಪೊದೆ ಸವರಿದ ಪಟ್ಟಿ ಇದೆಯೇ? ಬೇಲಿಯ ಗೂಟ ಹಳೆಯದೇ, ತಂತಿ ಮಾತ್ರ ಹೊಸದೇ? ಸಿಲ್ವರ್ ಓಕ್ ಸಾಲು ಎಲ್ಲಿಂದ ಶುರುವಾಗಿದೆ? ಹಳ್ಳದಿಂದ ಸ್ಪ್ರಿಂಕ್ಲರ್ ಪೈಪು ಯಾವ ಕಡೆ ಹೋಗಿದೆ? ಒತ್ತುವರಿ ಒಂದೇ ದಿನ ಆಗುವುದಿಲ್ಲ, ವರ್ಷಕ್ಕೆ ಒಂದು ಸಾಲಿನಂತೆ ಬರುತ್ತದೆ.

ಪ್ರತಿ ಸುತ್ತಿಗೂ ದಿನಾಂಕ, ಸ್ಥಳ ಮೂಡುವ ಫೋಟೋ ತೆಗೆಯಿರಿ. ಜೊತೆಗೆ ಊರಿನ ಇಬ್ಬರನ್ನು ಕರೆದುಕೊಂಡು ಹೋಗಿ, ನಾಳೆ ಸಾಕ್ಷಿ ಹೇಳುವವರು ಅವರೇ. ಮೂಲ ಫೈಲುಗಳನ್ನು ಅಳಿಸಬೇಡಿ. ಫೋಟೋ, ವಿಡಿಯೋವನ್ನು ಕೋರ್ಟಿಗೆ ಕೊಡುವಾಗ ಭಾರತೀಯ ಸಾಕ್ಷ್ಯ ಅಧಿನಿಯಮ 2023ರ 63ನೇ ಸೆಕ್ಷನ್ನಿನ ಪ್ರಮಾಣಪತ್ರ ಬೇಕಾಗುತ್ತದೆ. ವಾಟ್ಸಾಪಿನಲ್ಲಿ ನಾಲ್ಕು ಕೈ ದಾಟಿ ಬಂದ ಚಿತ್ರಕ್ಕೆ ಅದನ್ನು ಕೊಡುವುದು ತಲೆನೋವು.

ಹೆಜ್ಜೆ 4: ಪಹಣಿಯ 12ನೇ ಕಾಲಂ

9ನೇ ಕಾಲಂನಲ್ಲಿ ನಿಮ್ಮ ಹೆಸರು ಇದ್ದರೆ ಸಾಕು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. 12ನೇ ಕಾಲಂನಲ್ಲಿ ಸಾಗುವಳಿದಾರರ ಹೆಸರು ಮತ್ತು ಬೆಳೆ ಇರುತ್ತದೆ. ಪ್ರತಿಕೂಲ ಸ್ವಾಧೀನದವರು ಹುಡುಕುವುದು ಅದನ್ನೇ. ಭೂ ಕಂದಾಯ ಕಾಯ್ದೆಯ 133ನೇ ಸೆಕ್ಷನ್ ಪ್ರಕಾರ, ಸುಳ್ಳು ಅಂತ ಸಾಬೀತಾಗುವವರೆಗೆ ಪಹಣಿಯ ನಮೂದು ನಿಜ ಅಂತಲೇ ಭಾವಿಸಬೇಕು.

ಬೆಳೆ ಸಮೀಕ್ಷೆ ಈಗ ಆ್ಯಪಿನಲ್ಲಿ ನಡೆಯುತ್ತದೆ. ರೈತರೇ ಮಾಡಬಹುದು. ನೀವು ಮಾಡದಿದ್ದರೆ ಊರಿನ ಸಮೀಕ್ಷೆ ಹುಡುಗ ಮಾಡುತ್ತಾನೆ. ಅವನು ಗಡಿಯಲ್ಲಿ ನಿಂತು ಕಾಫಿ ಗಿಡ ಕಂಡು "ಕಾಫಿ" ಅಂತ ಹಾಕಿದರೆ, ಕಾಡು ದಾಖಲೆಯಲ್ಲಿ ತೋಟವಾಯಿತು. ಹಾಗಾಗಿ ಸಮೀಕ್ಷೆಯನ್ನು ನೀವೇ ಮಾಡಿ, ಇಲ್ಲವೇ ಅವನ ಜೊತೆ ನಡೆಯಿರಿ. ತಪ್ಪು ನಮೂದಾಗಿದ್ದರೆ ಗ್ರಾಮ ಆಡಳಿತ ಅಧಿಕಾರಿಗೆ, ತಹಶೀಲ್ದಾರರಿಗೆ ಬರಹದಲ್ಲಿ ಆಕ್ಷೇಪಣೆ ಕೊಟ್ಟು ಸ್ವೀಕೃತಿ ಪಡೆಯಿರಿ. ಬೇರೆಯವರ ಹೆಸರಿಗೆ ಮ್ಯುಟೇಶನ್ ನೋಟಿಸ್ ಬಂದರೆ ಅದರಲ್ಲಿ ಹೇಳಿದ ಅವಧಿಯೊಳಗೆ ತಕರಾರು ಹಾಕಿ. ಆದೇಶವೇ ಆಗಿಹೋಗಿದ್ದರೆ 136ನೇ ಸೆಕ್ಷನ್ನಿನಡಿ ಮೇಲ್ಮನವಿಗೆ 60 ದಿನ ಇದೆ.

ಹೆಜ್ಜೆ 5: ಒಪ್ಪಿಗೆ ಕೊಡುವುದಾದರೆ ಕಾಗದದಲ್ಲಿ ಕೊಡಿ

"ಅಣ್ಣ, ಹೇಗಿದ್ರೂ ಖಾಲಿ ಬಿದ್ದಿದೆಯಲ್ಲ, ಒಂದಿಷ್ಟು ಏಲಕ್ಕಿ ಹಾಕ್ಕೊಳ್ತೀನಿ." ಮದುವೆ ಮನೆಯಲ್ಲಿ ಹೀಗೆ ಕೇಳಿದರೆ ಇಲ್ಲ ಅನ್ನಲು ಆಗುವುದಿಲ್ಲ. ಬಾಯಿಮಾತಿನ ಒಪ್ಪಿಗೆಯೂ ಕಾನೂನಿನಲ್ಲಿ ಒಪ್ಪಿಗೆಯೇ. ಆದರೆ ಕೇಳಿದವರೂ ಕೊಟ್ಟವರೂ ತೀರಿಕೊಂಡ ಮೇಲೆ, ಮಕ್ಕಳ ಕಾಲದಲ್ಲಿ ಅದನ್ನು ಸಾಬೀತು ಮಾಡುವುದು ಹೇಗೆ?

ಕೊಡಲೇಬೇಕಾದರೆ ಸ್ಟಾಂಪ್ ಪೇಪರಿನಲ್ಲಿ ನಾಲ್ಕು ಸಾಲು ಬರೆಸಿ. ಹೀಗಿದ್ದರೆ ಸಾಕು: "ಸರ್ವೆ ನಂಬರ್ ಇಷ್ಟರ ಈ ಚೆಕ್ಕುಬಂದಿಯೊಳಗಿನ ಜಮೀನು ತಮ್ಮದೆಂದು ನಾನು ಒಪ್ಪಿದ್ದೇನೆ. ತಮ್ಮ ಅನುಮತಿಯಿಂದ ಮಾತ್ರ, ಈ ದಿನದಿಂದ 11 ತಿಂಗಳ ಮಟ್ಟಿಗೆ, ಉದುರಿದ ಸೌದೆ, ಸೊಪ್ಪು ತೆಗೆದುಕೊಳ್ಳುತ್ತೇನೆ. ಗಿಡ ನೆಡುವುದಿಲ್ಲ, ಬೇಲಿ ಹಾಕುವುದಿಲ್ಲ, ಮರ ಮುಟ್ಟುವುದಿಲ್ಲ. ಯಾವ ಹಕ್ಕನ್ನೂ ಕೇಳುವುದಿಲ್ಲ." ಇಬ್ಬರು ಸಾಕ್ಷಿಗಳ ಸಹಿ ಇರಲಿ. ಪ್ರತಿ ವರ್ಷ ಹೊಸದಾಗಿ ಬರೆಸಿ. ಇದು ಪಕ್ಕದವರಿಗೆ ಅವಮಾನ ಮಾಡಿದಂತಲ್ಲ, ಇಬ್ಬರ ಮಕ್ಕಳೂ ಜಗಳವಾಡದಿರಲು ಮಾಡುವ ಏರ್ಪಾಡು. ಆದರೆ ಏಲಕ್ಕಿ, ಕಾಫಿಯಂಥ ಬಹುವಾರ್ಷಿಕ ಬೆಳೆಗೆ ಮಾತ್ರ ಒಪ್ಪಿಗೆ ಕೊಡಲೇಬೇಡಿ ಅನ್ನುವುದು ನನ್ನ ಅಭಿಪ್ರಾಯ. ಕಾಗದ ಎಷ್ಟೇ ಗಟ್ಟಿಯಿರಲಿ, ಫಸಲು ಕೊಡುವ ಗಿಡವನ್ನು ಬಿಟ್ಟು ಹೋಗಲು ಯಾರಿಗೂ ಮನಸ್ಸು ಬರುವುದಿಲ್ಲ.

ಅಣ್ಣತಮ್ಮಂದಿರ ಪಾಲಾಗದ ಜಮೀನಾದರೆ ಲೆಕ್ಕ ಬೇರೆ. ಒಬ್ಬ ಸಹಮಾಲೀಕನ ಸ್ವಾಧೀನ ಎಲ್ಲರ ಪರವಾಗಿ ಅಂತಲೇ ಕಾನೂನು ನೋಡುತ್ತದೆ. ಉಳಿದವರ ಹಕ್ಕನ್ನು ಬಹಿರಂಗವಾಗಿ ಅಲ್ಲಗಳೆದು ಹೊರಗಿಟ್ಟಿದ್ದು ಸಾಬೀತಾಗದೆ ಪ್ರತಿಕೂಲ ಸ್ವಾಧೀನ ಇಲ್ಲ.

ಹೆಜ್ಜೆ 6: ಆಗಲೇ ಒಳಗೆ ಬಂದಿದ್ದರೆ

ಆಳು ಕರೆದುಕೊಂಡು ಹೋಗಿ ಗಿಡ ಕಿತ್ತೆಸೆಯಬೇಡಿ. ನೆಲೆಯೂರಿ ಕೂತವನನ್ನು, ಅವನು ಅತಿಕ್ರಮಣ ಮಾಡಿದವನೇ ಆಗಿದ್ದರೂ, ಕಾನೂನಿನ ಮೂಲಕವೇ ಬಿಡಿಸಬೇಕು. ಇಲ್ಲದಿದ್ದರೆ ಆರೋಪಿ ನೀವೇ ಆಗುತ್ತೀರಿ.

ಜಾಗ ಕೈತಪ್ಪಿ ಆರು ತಿಂಗಳು ಕಳೆದಿಲ್ಲವೆಂದರೆ 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಸೆಕ್ಷನ್ ಇದೆ. ಅಲ್ಲಿ ಮಾಲೀಕತ್ವದ ಚರ್ಚೆಯೇ ಇಲ್ಲ. ನೀವು ಸ್ವಾಧೀನದಲ್ಲಿದ್ದಿರಿ, ನಿಮ್ಮನ್ನು ಕಾನೂನು ಮೀರಿ ಹೊರಹಾಕಿದರು ಅಂತ ತೋರಿಸಿದರೆ ಸಾಕು. ಹೆಜ್ಜೆ 3ರ ಫೋಟೋಗಳು ಇಲ್ಲಿ ಚಿನ್ನ. ಆದರೆ ಸರ್ಕಾರದ ವಿರುದ್ಧ ಈ ದಾರಿ ನಡೆಯುವುದಿಲ್ಲ.

ಆರು ತಿಂಗಳು ದಾಟಿದ್ದರೆ ಮಾಲೀಕತ್ವದ ಆಧಾರದ ದಾವೆ. ಇಲ್ಲಿ ತುಂಬಾ ಜನ ಎಡವುತ್ತಾರೆ. ಖರ್ಚು ಕಡಿಮೆ ಅಂತ ಬರೀ ತಡೆಯಾಜ್ಞೆಗೆ ದಾವೆ ಹಾಕುತ್ತಾರೆ. ಅನಾಥುಲ ಸುಧಾಕರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2008ರಲ್ಲೇ ಹೇಳಿದೆ: ಸ್ವಾಧೀನ ನಿಮ್ಮ ಕೈಯಲ್ಲಿ ಇಲ್ಲದಿದ್ದರೆ ಸ್ವಾಧೀನವನ್ನೂ ಕೇಳಬೇಕು, ಹಕ್ಕಿನ ಬಗ್ಗೆ ಗಂಭೀರ ತಕರಾರು ಇದ್ದರೆ ಘೋಷಣೆಯನ್ನೂ ಕೇಳಬೇಕು. ಅದೇ ತೀರ್ಪಿನಲ್ಲಿ ನಿಮಗೆ ಅನುಕೂಲವಾದ ಮಾತೂ ಇದೆ. ಖಾಲಿ ಜಾಗದ ಸ್ವಾಧೀನ ಹಕ್ಕುಪತ್ರ ಇದ್ದವರ ಬಳಿಯೇ ಇದೆ ಅಂತ ಭಾವಿಸಲಾಗುತ್ತದೆ.

ಲಾಯರ್ ನೋಟಿಸ್ ಕೊಟ್ಟೆ, ಇನ್ನು ನಿಶ್ಚಿಂತೆ ಅಂತ ಕೂರಬೇಡಿ. ಬರೀ ನೋಟಿಸಿನಿಂದ 12 ವರ್ಷದ ಓಟ ನಿಲ್ಲುವುದಿಲ್ಲ, ದಾವೆ ಹೂಡಿದರೆ ನಿಲ್ಲುತ್ತದೆ. ಗಿಡಗಳ ವಯಸ್ಸಿನ ಬಗ್ಗೆ ಜಗಳ ಇದ್ದರೆ ಸ್ಥಳ ನೋಡಿ ವರದಿ ಕೊಡುವ ಕೋರ್ಟ್ ಕಮಿಷನರ್ ನೇಮಕಕ್ಕೆ ಅರ್ಜಿ ಹಾಕಿ. "ಮೂವತ್ತು ವರ್ಷದ ತೋಟ" ಅಂದವರ ಕಾಫಿ ಗಿಡದ ಕಾಂಡ ಹೆಬ್ಬೆರಳು ಗಾತ್ರ ಇದ್ದರೆ, ವರದಿಯಲ್ಲಿ ಅದು ಬರುತ್ತದೆ.

ಊರ ಪಕ್ಕದ ಸರ್ಕಾರಿ ಕಾಡು

ಇಲ್ಲಿ ಕಾನೂನು ಇನ್ನೂ ಬಿಗಿ. 1963ರ ಕರ್ನಾಟಕ ಅರಣ್ಯ ಕಾಯ್ದೆಯ 4ನೇ ಸೆಕ್ಷನ್ ಅಧಿಸೂಚನೆ ಹೊರಟ ಮೇಲೆ, 5ನೇ ಸೆಕ್ಷನ್ ಪ್ರಕಾರ ಆ ಜಮೀನಿನಲ್ಲಿ ಹೊಸ ಹಕ್ಕು ಹುಟ್ಟುವುದು ವಾರಸುದಾರಿಕೆಯಿಂದ ಅಥವಾ ಸರ್ಕಾರ ಬರಹದಲ್ಲಿ ಕೊಟ್ಟ ಮಂಜೂರಾತಿ, ಕರಾರಿನಿಂದ ಮಾತ್ರ. ಸುಮ್ನೆ ಕೂತು ಹಕ್ಕು ಗಳಿಸುವ ದಾರಿ ಅಲ್ಲಿಗೆ ಮುಚ್ಚಿತು. ಆರ್. ಹನುಮಯ್ಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2010ರಲ್ಲಿ ಇನ್ನೊಂದು ಎಚ್ಚರಿಕೆ ಕೊಟ್ಟಿದೆ. ಸರ್ಕಾರದ ಕಡೆಯವರು ಸರಿಯಾಗಿ ವಾದಿಸದಿದ್ದರೂ ಸರ್ಕಾರಿ ಜಮೀನನ್ನು ಕೋರ್ಟುಗಳು ಸಲೀಸಾಗಿ ಬಿಟ್ಟುಕೊಡಬಾರದು. ಪಹಣಿಯಲ್ಲಿ ಅಲ್ಲೊಂದು ಇಲ್ಲೊಂದು ನಮೂದು ಇದ್ದರೆ ಸಾಲದು.

ಕಾನೂನು ಇಷ್ಟು ಗಟ್ಟಿಯಿದ್ದರೂ ತತ್ಕೊಳ, ಮಸಗಲಿ ಮೀಸಲು ಅರಣ್ಯಗಳ ಒತ್ತುವರಿ ಸುಪ್ರೀಂ ಕೋರ್ಟಿನವರೆಗೆ ಹೋಗಬೇಕಾಯಿತು. ಕಾರಣ ದಾಖಲೆಗಳಲ್ಲಿದೆ. ಎಷ್ಟೋ ಅರಣ್ಯ ಜಮೀನಿನ ಪಹಣಿಯಲ್ಲಿ ಈಗಲೂ "ಸರ್ಕಾರಿ ಬೀಳು", "ಗೋಮಾಳ" ಅಂತಲೇ ಇದೆ. ಅಧಿಸೂಚನೆ ಹೊರಟಿದೆ, ಪಹಣಿಗೆ ಇಂಡೀಕರಣ, ಅಂದರೆ ಅದರ ನಮೂದು, ಆಗಿಲ್ಲ. ಬೀಳು ಅಂತ ಕಂಡ ಜಮೀನಿಗೆ ಬಗರ್ ಹುಕುಂ (ಅನಧಿಕೃತ ಸಾಗುವಳಿ ಸಕ್ರಮದ) ಅರ್ಜಿ ಬೀಳುತ್ತದೆ, ಸಾಗುವಳಿ ಚೀಟಿಯೂ ಹೊರಡುತ್ತದೆ. ಊರಿನವರು ಮಾಡಬಹುದಾದ ಮೊದಲ ಕೆಲಸ, ಅಧಿಸೂಚನೆಯ ಗೆಜೆಟ್ ಪ್ರತಿ ತೆಗೆಸಿ, ಇಂಡೀಕರಣ ಮಾಡಿ ಅಂತ ವಿಭಾಗದ ಅರಣ್ಯಾಧಿಕಾರಿ ಡಿಎಫ್‌ಓ ಮತ್ತು ತಹಶೀಲ್ದಾರ್ ಇಬ್ಬರಿಗೂ ಒಂದೇ ದಿನ ಅರ್ಜಿ ಕೊಡುವುದು. ಒಬ್ಬರಿಗೆ ಮಾತ್ರ ಕೊಟ್ಟರೆ ಇನ್ನೊಬ್ಬರ ಕಡೆ ಕೈ ತೋರಿಸುತ್ತಾರೆ.

ಎರಡನೆಯದು ಪೈಕಿ ಪಹಣಿಗಳ, ಅಂದರೆ ಒಂದೇ ಸರ್ವೆ ನಂಬರಿನ ತುಂಡುಗಳಿಗೆ ಬೇರೆ ಬೇರೆ ಹೊರಟ ಪಹಣಿಗಳ, ಲೆಕ್ಕ. ಒಂದು ಸರ್ವೆ ನಂಬರಿನ ಎಲ್ಲ ಪೈಕಿ ಪಹಣಿಗಳನ್ನು ತೆಗೆದು ವಿಸ್ತೀರ್ಣ ಕೂಡಿಸಿ, ಆಕಾರ್‌ಬಂದ್ ಜೊತೆ ಹೋಲಿಸಿ. ಉದಾಹರಣೆಗೆ ಆಕಾರ್‌ಬಂದಿನಲ್ಲಿ 200 ಎಕರೆ, ಪಹಣಿಗಳ ಮೊತ್ತ 240 ಎಕರೆ ಅಂದರೆ, ಆ 40 ಎಕರೆ ಕಾಗದದಲ್ಲೇ ಹುಟ್ಟಿದ್ದು. ನೆಲದ ಮೇಲೆ ಅದು ಎಲ್ಲಿ ಕೂರುತ್ತದೆ? ಪೋಡಿ ಆಗುವಾಗ, ಅಂದರೆ ಅಳೆದು ತುಂಡು ಬಿಡಿಸುವಾಗ, ಪಕ್ಕದ ಕಾಡಿನೊಳಗೆ. ಈ ಪಟ್ಟಿಯನ್ನು ಲಗತ್ತಿಸಿ ಜಂಟಿ ಸರ್ವೆ ಕೇಳಿ. ಕಡೂರು, ಅರಸೀಕೆರೆ ಕಡೆಯ ಅಮೃತ್ ಮಹಲ್ ಕಾವಲುಗಳಿಗೂ (ಅಮೃತ್ ಮಹಲ್ ದನಗಳಿಗೆ ಮೀಸಲಿಟ್ಟ ಹುಲ್ಲುಗಾವಲು) ಇದೇ ಲೆಕ್ಕ ಮಾಡಿ ನೋಡಬಹುದು.

ಮೂರನೆಯದು ಹಕ್ಕು ಕೇಳುವವರ ದಾಖಲೆಗಳನ್ನು ಓದುವ ರೀತಿ. ಅವರು ತರುವುದು ಟಿ.ಟಿ. ದಂಡದ ರಸೀದಿ, ನಮೂನೆ 50, 53 ಅಥವಾ 57ರ ಅರ್ಜಿ, ಕರೆಂಟ್ ಬಿಲ್ಲು, ಮನೆ ಕಂದಾಯ. ನೋಡಿದ ಕೂಡಲೇ "ಅಯ್ಯೋ, ಇವರದ್ದು ಪಕ್ಕಾ ಇದೆ" ಅನ್ನಿಸುತ್ತದೆ. ಆದರೆ ಅನಧಿಕೃತ ಸಾಗುವಳಿಗೆ ದಂಡ ಕಟ್ಟಿದವನು, ಸಕ್ರಮ ಮಾಡಿಕೊಡಿ ಅಂತ ಅರ್ಜಿ ಹಾಕಿದವನು, ಜಮೀನು ಸರ್ಕಾರದ್ದು ಅಂತ ತಾನೇ ಒಪ್ಪಿದ್ದಾನೆ. ಇನ್ನೊಬ್ಬರ ಒಡೆತನ ಒಪ್ಪಿಕೊಂಡು ಮಾಡಿದ ಸ್ವಾಧೀನ ಪ್ರತಿಕೂಲ ಹೇಗಾಗುತ್ತದೆ? ಅವರ ಸ್ವಾಧೀನಕ್ಕೆ ಸಾಕ್ಷಿ ಅಂತ ತಂದ ಕಾಗದವೇ ಅವರ ವಾದವನ್ನು ಮುರಿಯುತ್ತದೆ. ಈ ಅರ್ಜಿಗಳ ಪ್ರತಿಯನ್ನು ತಾಲ್ಲೂಕು ಕಚೇರಿಯಿಂದ ಮಾಹಿತಿ ಹಕ್ಕಿನಡಿ ಕೇಳಿ, ಸರ್ಕಾರಿ ವಕೀಲರ ಕೈಗೆ ತಲುಪಿಸಿ. ಮೀಸಲು ಅರಣ್ಯದಲ್ಲಿ ಒಕ್ಕಲೆಬ್ಬಿಸುವ ಅಧಿಕಾರ ಅರಣ್ಯ ಕಾಯ್ದೆಯ 64ಎ ಸೆಕ್ಷನ್ ಪ್ರಕಾರ ಎಸಿಎಫ್ (ಸಹಾಯಕ ಅರಣ್ಯ ಸಂರಕ್ಷಣಾಧಿಕಾರಿ) ಮಟ್ಟದ ಅಧಿಕಾರಿಗೇ ಇದೆ, ಸಿವಿಲ್ ಕೋರ್ಟಿಗೆ ಕಾಯಬೇಕಿಲ್ಲ. ಕಂದಾಯ ಜಮೀನಾದರೆ ಭೂ ಕಂದಾಯ ಕಾಯ್ದೆಯ 104ನೇ ಸೆಕ್ಷನ್. ಭೂಕಬಳಿಕೆ ನಿಷೇಧ ಕಾಯ್ದೆಯ ವಿಶೇಷ ನ್ಯಾಯಾಲಯ ಬೆಂಗಳೂರಿನಲ್ಲಿದೆ, ದೊಡ್ಡ ಕಬಳಿಕೆಗೆ ಅದೂ ಒಂದು ದಾರಿ.

ಎಲ್ಲರನ್ನೂ ಕಳ್ಳರಂತೆ ನೋಡಬೇಡಿ ಅಂತಲೂ ಹೇಳಬೇಕು. ಈ ಎರಡೂ ಜಿಲ್ಲೆಗಳಲ್ಲಿ ಸೆಕ್ಷನ್ 4 ಆಗಿ ದಶಕಗಳಾದರೂ ಸೆಕ್ಷನ್ 17ರ ಅಂತಿಮ ಅಧಿಸೂಚನೆ ಆಗದ ಜಮೀನು ಬೇಕಾದಷ್ಟಿದೆ. ಅದರೊಳಗೆ ಹಳೆಯ ಮಂಜೂರಾತಿಯೂ ಇದೆ, ಕೂಲಿಯವರ ಮನೆಯೂ ಇದೆ. ಅಂಥವರ ಅಹವಾಲು ಕೇಳಬೇಕಾದವರು ಅರಣ್ಯ ವ್ಯವಸ್ಥಾಪನಾಧಿಕಾರಿ. 2006ರ ಅರಣ್ಯ ಹಕ್ಕು ಕಾಯ್ದೆಯ ದಾರಿಯೂ ಬೇರೆಯೇ. 2005ರ ಡಿಸೆಂಬರ್ 13ಕ್ಕೆ ಮುಂಚೆಯೇ ಜಮೀನು ಅವರ ಸ್ವಾಧೀನದಲ್ಲಿರಬೇಕು, ಬುಡಕಟ್ಟಿನವರಲ್ಲದವರಿಗೆ 75 ವರ್ಷದ ವಾಸದ ಪುರಾವೆ ಬೇಕು, ಮಿತಿ 4 ಹೆಕ್ಟೇರ್. ಆ ಅರ್ಜಿಯ ವಿಚಾರಣೆ ಮುಗಿಯುವವರೆಗೆ ಅರ್ಜಿದಾರರನ್ನು ಎಬ್ಬಿಸುವಂತಿಲ್ಲ. ನಿಮ್ಮ ದೂರಿನಲ್ಲಿ ಇವರನ್ನೂ ಹತ್ತಾರು ಎಕರೆ ಕಾಫಿ ಹಾಕಿದವರನ್ನೂ ಒಂದೇ ಪಟ್ಟಿಗೆ ಸೇರಿಸಿದರೆ ಊರಿನ ಬೆಂಬಲ ಮೊದಲ ದಿನವೇ ಹೋಗುತ್ತದೆ.

ಕೊನೆಗೆ ಕೋರ್ಟಿನ ಮೇಲೊಂದು ಕಣ್ಣಿರಲಿ. ಸರ್ಕಾರದ ಮೇಲೆ ದಾವೆ ಹಾಕುವ ಮುಂಚೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 80ನೇ ಸೆಕ್ಷನ್ನಿನಡಿ ಎರಡು ತಿಂಗಳ ನೋಟಿಸ್ ಕೊಡಬೇಕು. ತುರ್ತು ಅಂತ ಕೋರ್ಟಿನ ಅನುಮತಿ ಪಡೆದು ಇದನ್ನು ದಾಟಿಕೊಳ್ಳುವವರೂ ಇದ್ದಾರೆ. ಆಮೇಲೆ ಸರ್ಕಾರದ ಕಡೆಯಿಂದ ಲಿಖಿತ ಹೇಳಿಕೆ ಸಮಯಕ್ಕೆ ಬರುವುದಿಲ್ಲ, ಡಿಕ್ರಿ ಆಗಿಬಿಡುತ್ತದೆ. ತೆಲಂಗಾಣದ ಅರಣ್ಯ ಜಮೀನಿನ ಪ್ರಕರಣವೊಂದರಲ್ಲಿ ಅಧಿಕಾರಿಗಳೇ ಹಕ್ಕು ಕೇಳಿದವರ ಪರ ಪ್ರಮಾಣಪತ್ರ ಹಾಕಿದ್ದನ್ನು ಸುಪ್ರೀಂ ಕೋರ್ಟ್ 2024ರಲ್ಲಿ ಕಟುವಾಗಿ ಟೀಕಿಸಿದೆ. ಇ-ಕೋರ್ಟ್ಸ್ ಆ್ಯಪಿನಲ್ಲಿ ನಿಮ್ಮ ತಾಲ್ಲೂಕಿನ ಕೋರ್ಟ್ ಆರಿಸಿ, ಪಕ್ಷಗಾರರ ಜಾಗದಲ್ಲಿ "ತಹಶೀಲ್ದಾರ್", "ಫಾರೆಸ್ಟ್", "ಸ್ಟೇಟ್ ಆಫ್ ಕರ್ನಾಟಕ" ಅಂತ ಇಂಗ್ಲಿಷಿನಲ್ಲಿ ಟೈಪ್ ಮಾಡಿ ತಿಂಗಳಿಗೊಮ್ಮೆ ಹುಡುಕಿ. ನಿಮ್ಮ ಊರಿನ ಕಾಡಿನ ಕೇಸು ಕಂಡರೆ ಮುಂದಿನ ತಾರೀಖು ಬರೆದುಕೊಂಡು, ಅಧಿಸೂಚನೆಯ ಪ್ರತಿ ಸಮೇತ ವಲಯದ ಅರಣ್ಯಾಧಿಕಾರಿ ಆರ್‌ಎಫ್‌ಓಗೆ ಬರಹದಲ್ಲಿ ತಿಳಿಸಿ, ಒಂದು ಪ್ರತಿಯನ್ನು ಡಿಎಫ್‌ಓಗೆ ರಿಜಿಸ್ಟರ್ ಅಂಚೆಯಲ್ಲಿ ಕಳಿಸಿ. ಇಲಾಖೆ ಹಾಜರಾಗದಿದ್ದರೆ ಗ್ರಾಮ ಅರಣ್ಯ ಸಮಿತಿಯವರೋ ಊರಿನ ಇಬ್ಬರೋ ವಕೀಲರ ಮೂಲಕ ಆ ದಾವೆಯಲ್ಲಿ ಪಕ್ಷಗಾರರಾಗಲು ಅರ್ಜಿ ಹಾಕಬಹುದು. ಅರ್ಜಿ ವಜಾ ಆದರೂ ಪರವಾಗಿಲ್ಲ, ಅದರ ಜೊತೆ ಕೊಟ್ಟ ಅಧಿಸೂಚನೆ ನ್ಯಾಯಾಧೀಶರ ಕಣ್ಣಿಗಂತೂ ಬಿದ್ದಿರುತ್ತದೆ.